ಹೆಸರಿನ ಮುಂದಿನ ಮೂರು ಸಾಲು

ಕಟ್ಟುಪಾಡು ಇದ್ದರೇನೇ ಕಲೆ ಅರಳುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಕಳೆದ ವರ್ಷ ಗಂಗಾವತಿಯ ಒಂದು ಕಾಲೇಜಿನಲ್ಲಿ ಹೀಗೇ ಆಯಿತು. ಸ್ವಾತಂತ್ರ್ಯ ಮತ್ತು ಸೃಜನಶೀಲತೆ ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದಿದ್ದರು. ನಾನು ಯಲಬುರ್ಗಾದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಅಂಥ ದೊಡ್ಡ ಮಾತುಗಳನ್ನು ಎಲ್ಲಿಂದ ಹಿಡಿಯಬೇಕೋ ತಿಳಿಯದೆ, ನನಗೆ ಗೊತ್ತಿರುವ ಒಬ್ಬ ಕವಿಯ ಬಗ್ಗೆ, ಅಂದರೆ ನನ್ನ ಅತ್ತೆಯ ಬಗ್ಗೆ, ಅವರು ಹಾಕುತ್ತಿದ್ದ ಒಡಪುಗಳ ಬಗ್ಗೆ ಮಾತಾಡಿದೆ. ಮಾತು ಮುಗಿಯುತ್ತಲೇ ಅಲ್ಲಿನ ಉಪನ್ಯಾಸಕರೊಬ್ಬರು ಎದ್ದು ನಿಂತರು.

"ಮೇಡಂ, ಗಂಡನ ಹೆಸರು ಹೇಳಬಾರದು ಅನ್ನೋ ಕಟ್ಟು ಇತ್ತು ಅಂತನ ಅಲ್ಲೇನ್ರಿ ಒಡಪು ಹುಟ್ಟಿದ್ದು? ಈಗಿನ ಹುಡುಗ್ಯಾರಿಗೆ ಎಲ್ಲಾ ಸ್ವಾತಂತ್ರ್ಯ ಐತಿ, ಒಡಪು ಒಂದೂ ಬರಂಗಿಲ್ಲ. ಅಂದಮ್ಯಾಲ ಕಟ್ಟು ಇದ್ದದ್ದ ಛಲೋ ಆತಲ್ರಿ?"

ಸಭೆ ಚಪ್ಪಾಳೆ ತಟ್ಟಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಊಟದ ಹೊತ್ತಾಯಿತು ಎಂದು ಮೈಕ್ ತೆಗೆದುಕೊಂಡುಬಿಟ್ಟರು. ಅಂದು ನನ್ನ ಬಳಿ ಅರ್ಧ ಉತ್ತರವಿತ್ತು. ಉಳಿದರ್ಧ ಸಿಕ್ಕಿದ್ದು ಈ ಬೇಸಿಗೆಯಲ್ಲಿ, ನನ್ನ ಮಗನ ಮದುವೆಯ ದಿನ, ನಮ್ಮ ಮನೆಯ ಹೊಸ್ತಿಲಲ್ಲಿ. ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಒಡಪು ಎಂದರೇನು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಇವರು' ಎನ್ನಬೇಕು, 'ನಮ್ಮ ಮನಿಯವ್ರು' ಎನ್ನಬೇಕು. ಆದರೆ ಮದುವೆ, ಕುಬಸ ಅಂದರೆ ಸೀಮಂತ, ತೊಟ್ಟಿಲು ಎಂದು ಹೆಂಗಸರು ಕೂಡಿದಾಗ "ಹೆಸರು ಹೇಳು" ಎಂದು ದುಂಬಾಲು ಬೀಳುತ್ತಾರೆ. ಆಗ ಹೇಳಬಹುದು. ಬರೀ ಹೆಸರಲ್ಲ, ಮೊದಲು ಎರಡು ಮೂರು ಸಾಲು ಪದ ಕಟ್ಟಿ, ಅದರ ತುದಿಯಲ್ಲಿ ಹೆಸರು ಇಡಬೇಕು. ಅದೇ ಒಡಪು.

ಮೂವತ್ತು ವರ್ಷಗಳ ಹಿಂದೆ ನಾನು ಗಂಗಾವತಿಯಿಂದ ಯಲಬುರ್ಗಾಕ್ಕೆ ಮದುವೆಯಾಗಿ ಬಂದೆ. ಹೊಸ್ತಿಲಲ್ಲಿ ನನ್ನ ನಾದಿನಿ, ಅಂದರೆ ಗಂಡನ ಅಕ್ಕ, ಎರಡೂ ಕೈಗಳನ್ನು ಬಾಗಿಲ ಚೌಕಟ್ಟಿಗೆ ಕೊಟ್ಟು ಅಡ್ಡ ನಿಂತರು. ನಾನು ಬಿ.ಎ. ಓದಿದವಳು, ಸುಮ್ಮನೆ ಬಂದಿರಲಿಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಡಪಿನ ಪುಸ್ತಕ ಕೊಂಡು ಬಾಯಿಪಾಠ ಮಾಡಿಕೊಂಡಿದ್ದೆ. ಬೆಳ್ಳಿ ತಟ್ಟೆ, ಮಲ್ಲಿಗೆ ಹೂವು, ಹುಣ್ಣಿಮೆ ಚಂದ್ರ ಎಲ್ಲವನ್ನೂ ಸೇರಿಸಿ ಗಂಡನ ಹೆಸರಿಗೆ ತಂದು ನಿಲ್ಲಿಸಿದೆ. ಎಲ್ಲರೂ ಶಹಭಾಸ್ ಎಂದರು. ಅತ್ತೆ ಮಾತ್ರ ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತು ಕೇಳಿದರು.

"ನಿಮ್ಮಪ್ಪನ ಮನ್ಯಾಗ ಬೆಳ್ಳಿ ತಟ್ಟಿ ಅದಾವೇನವ್ವ?"

"ಇಲ್ರಿ."

"ನಮ್ಮ ಮನ್ಯಾಗೂ ಇಲ್ಲ. ಮತ್ತ ಇಲ್ಲದ್ದು ಯಾಕ ಹೇಳಿದಿ? ಇದ್ದದ್ದು ಹೇಳು."

ನನಗೆ ಮುಖಭಂಗವಾಯಿತು. ಅಕ್ಷರ ಬಾರದ ಈ ಹೆಂಗಸು ನನಗೆ ಪದ್ಯ ಹೇಗಿರಬೇಕೆಂದು ಹೇಳುತ್ತಾರಲ್ಲ ಎಂದು ಒಳಗೊಳಗೇ ಕುದಿದೆ. ಆಮೇಲೆ ಅವರ ಒಡಪು ಕೇಳಿದ ಮೇಲೆ ಕುದಿಯುವುದನ್ನು ಬಿಟ್ಟೆ.

ಅತ್ತೆ ಒಂದು ಒಡಪನ್ನು ಎರಡನೆಯ ಸಲ ಹಾಕುತ್ತಿರಲಿಲ್ಲ. ಅದು ಅವರ ನೇಮ. ಉಟ್ಟು ಬಿಟ್ಟ ಸೀರೆಯನ್ನು ದೇವರಿಗೆ ಏರಿಸಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಪ್ರತಿ ಸಲವೂ ಹೊಸದು, ಪ್ರತಿ ಸಲವೂ ಮನೆಯೊಳಗಿನದು. ಮಾವ ಸಿಡುಕಿನವರು. ಅವರ ಎದುರು ಅತ್ತೆ ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಆದರೆ ಒಡಪಿನಲ್ಲಿ ಏನು ಹೇಳಿದರೂ ಯಾರೂ ಸಿಟ್ಟಾಗುವ ಹಾಗಿರಲಿಲ್ಲ. ಸಿಟ್ಟಾದರೆ ಸಿಟ್ಟಾದವರೇ ನಗೆಪಾಟಲಾಗುತ್ತಿದ್ದರು. ಒಮ್ಮೆ ತುಂಗಭದ್ರಾ ಡ್ಯಾಮ್ ತುಂಬಿ ಗೇಟು ಬಿಟ್ಟಿದ್ದರು, ಊರಿನ ಅರ್ಧ ಜನ ಮುನಿರಾಬಾದಿಗೆ ಹೋಗಿ ನೋಡಿ ಬಂದಿದ್ದರು. ಅತ್ತೆಯನ್ನು ಯಾರೂ ಕರೆದಿರಲಿಲ್ಲ. ಆ ವಾರವೇ ಪಕ್ಕದ ಮನೆಯಲ್ಲಿ ಕುಬಸ. ಪಡಸಾಲೆಯಲ್ಲಿ ಗಂಡಸರು ಚಹಾ ಕುಡಿಯುತ್ತಾ ಕೂತಿದ್ದರು, ಮಾವನೂ ಇದ್ದರು. ಒಳಗಿನಿಂದ ಅತ್ತೆಯ ದನಿ ಬಂತು:

ಡ್ಯಾಮು ತುಂಬೈತಂತ ಊರಿಗೂರ ನೋಡಿ ಬಂತು,
ಒಲಿ ಮುಂದ ಕುಂತು ನನ್ನ ಕಾಲು ಜೋಮು ಹಿಡದು ನಿಂತು,
ಬಸ್ಸಿನ ಮಾತು ತಗದ್ರ ಸಾಕು, ಗ್ವಾಡಿ ಕಡೆ ಮಾರಿ ಮಾಡತಾರ...

ಕೊನೆಯಲ್ಲಿ ಮಾವನ ಹೆಸರು. ಪಡಸಾಲೆಯ ಗಂಡಸರು ಚಹಾ ಚೆಲ್ಲುವ ಹಾಗೆ ನಕ್ಕರು. ಮಾವ ನಿಜಕ್ಕೂ ಗೋಡೆಯ ಕಡೆ ಮುಖ ಮಾಡಿದರು, ಅದಕ್ಕೆ ಇನ್ನಷ್ಟು ನಕ್ಕರು. ಮುಂದಿನ ಭಾನುವಾರ ಇಬ್ಬರೂ ಮುನಿರಾಬಾದಿಗೆ ಹೋದರು. ತಿರುಗಿ ಬಂದ ಅತ್ತೆ ಎರಡು ದಿನ ನೀರಿನ ಮಾತನ್ನೇ ಆಡಿದರು.

ಅವರನ್ನು ನೋಡಿ ನನಗೂ ಛಲ ಹುಟ್ಟಿತು. ಗಂಗಾವತಿ ಕಡೆಯ ನಾವು ಅನ್ನ ಉಣ್ಣುವವರು. ಜೋಳದ ಹಿಟ್ಟು ನನ್ನ ಕೈಯ ಮಾತು ಕೇಳುತ್ತಿರಲಿಲ್ಲ. ಹಿಟ್ಟು ಸರಿ ಇಲ್ಲ ಎಂದರೆ ಅತ್ತೆ "ಕುಣೀಲಾರದಾಕಿ ನೆಲ ಡೊಂಕು ಅಂದಳಂತ" ಎಂದು ಚುಚ್ಚುತ್ತಿದ್ದರು. ನನ್ನ ಕುಬಸದ ದಿನ, ಮೊದಲ ಸಲ, ಪುಸ್ತಕವಿಲ್ಲದೆ ಬಾಯಿ ತೆರೆದೆ:

ಅಕ್ಕಿ ನಾಡಿನ ಕೈಗೆ ಜ್ವಾಳದ ಹಿಟ್ಟು ಹದಕ್ಕ ಬರಲಿಲ್ಲ,
ಹತ್ತು ರೊಟ್ಟಿ ಬಡದ್ರ ಒಂಬತ್ತು ಹರದ್ವು, ಅತ್ತಿ ಬಾಯಿ ಸುಮ್ಮನಿರಲಿಲ್ಲ,
ಹರದದ್ದು ತಾವು ಉಂಡು, ಛಲೋದೊಂದು ನನಗ ಮುಚ್ಚಿ ಇಟ್ಟವರು...

ಗಂಡನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವರು ಎದ್ದು ಹಿತ್ತಲಿಗೆ ಹೋಗಿಬಿಟ್ಟಿದ್ದರು. ಗುಟ್ಟು ಬಯಲಾಗಿತ್ತು. ಅತ್ತೆ ನನ್ನ ಗಲ್ಲ ಹಿಂಡಿ, "ನನ್ನ ಬಾಯಿ ಮ್ಯಾಲ ಪದ ಕಟ್ಟತಿಯೇನ? ಈಗ ನೋಡು, ಇದ್ದದ್ದು ಬಂತು" ಎಂದರು. ಅಷ್ಟು ಹೆಮ್ಮೆ ನನಗೆ ಬಿ.ಎ. ಪಾಸಾದಾಗಲೂ ಆಗಿರಲಿಲ್ಲ. ಇಂದಿಗೂ ನನ್ನ ತರಗತಿಯ ಮಕ್ಕಳು ಗೈಡ್ ನೋಡಿ ಪ್ರಬಂಧ ಬರೆದು ತಂದರೆ ನಾನು ಹೇಳುವುದು ಅತ್ತೆಯ ಆ ಎರಡು ಪದಗಳನ್ನೇ: ಇದ್ದದ್ದು ಹೇಳು.

ಒಂಬತ್ತು ವರ್ಷಗಳ ಹಿಂದೆ ಮಾವ ತೀರಿಕೊಂಡರು. ಅದಾದ ಒಂದು ವರ್ಷಕ್ಕೆ ನಮ್ಮ ಮೈದುನನ ಮಗುವಿನ ತೊಟ್ಟಿಲು ಕಾರ್ಯ ನಮ್ಮ ಮನೆಯಲ್ಲೇ ನಡೆಯಿತು. ಹೆಂಗಸರು ಸುತ್ತ ಕೂತು ಒಬ್ಬೊಬ್ಬರೇ ಹೆಸರು ಹೇಳುತ್ತಾ ಬಂದರು. ಸರದಿ ಅತ್ತೆಯ ಹತ್ತಿರ ಬಂತು, ಮತ್ತು ಅವರನ್ನು ದಾಟಿ ಪಕ್ಕದವಳಿಗೆ ಹೋಯಿತು. ಯಾರೂ ಏನೂ ಹೇಳಲಿಲ್ಲ, ಹೇಳುವುದೇ ಬೇಕಿರಲಿಲ್ಲ. ಒಡಪು ಮುತ್ತೈದೆಯರದು. ಗಂಡ ಸತ್ತವಳು ಶುಭಕಾರ್ಯದಲ್ಲಿ ಹೆಸರು ಹೇಳುವಂತಿಲ್ಲ. ಅತ್ತೆ ಎದ್ದು ಹಿತ್ತಲಿಗೆ ಹೋಗಿ ಪಾತ್ರೆಗಳ ಮುಂದೆ ಕೂತರು. ಆ ಮನೆಯ ಯಜಮಾನಿ ಅಂದು ನಾನು. ಕಾರ್ಯ ನನ್ನ ಕೈಯಲ್ಲಿತ್ತು, ಒಂದು ಮಾತು ಹೇಳಬಹುದಿತ್ತು. ನಾದಿನಿ ಕೊಪ್ಪಳದಿಂದ ಬಂದಿದ್ದರು, ಹಿರಿಯರು ಬಂದಿದ್ದರು, ಯಾಕೆ ಸುಮ್ಮನೆ ರಗಳೆ ಎಂದು ನಾನು ಬಾಯಿ ಮುಚ್ಚಿಕೊಂಡೆ. ತರಗತಿಯಲ್ಲಿ ಗಂಟಲು ಹರಿಯುವ ಹಾಗೆ ಮಾತಾಡುವ ನಾನು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದೊಂದು ದಿನ ಪಡಿತರ ಚೀಟಿಯ ತಿದ್ದುಪಡಿಗೆ ಅತ್ತೆಯನ್ನು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಕಂಪ್ಯೂಟರ್ ಮುಂದೆ ಕೂತಿದ್ದವರು ಮರ್ಯಾದೆಯಿಂದಲೇ ಕೇಳಿದರು.

"ಯಜಮಾನ್ರ ಹೆಸರು ಹೇಳ್ರಿ ಅಮ್ಮಾ."

ಅತ್ತೆ ನನ್ನ ಮುಖ ನೋಡಿದರು. ಕಂಪ್ಯೂಟರಿನವರು ಇನ್ನೊಮ್ಮೆ ಕೇಳಿದರು. ಅತ್ತೆ ಸೆರಗು ಬಾಯಿಗೆ ಹಚ್ಚಿಕೊಂಡು ನಿಂತೇ ಇದ್ದರು. ಕೊನೆಗೆ ಹೆಸರು ನಾನೇ ಹೇಳಿದೆ. ತಿರುಗಿ ಬರುವಾಗ ಬೇವಿನ ಮರದ ಕೆಳಗೆ ದಣಿವಾರಿಸಿಕೊಳ್ಳಲು ಕೂತೆವು.

"ಅವರು ಇದ್ದಾಗ ಪದ ಕಟ್ಟಿ ಹೆಸರು ಹೇಳತಿದ್ದೆ" ಎಂದರು ಅತ್ತೆ. "ಈಗ ಪದ ಹಾಕಂಗಿಲ್ಲ ಅಂತಾರ. ಬರೇ ಹೆಸರು ಹೇಳಾಕ ನನಗ ನಾಲಿಗಿ ಹೊಳ್ಳಂಗಿಲ್ಲ. ಎರಡೂ ಕಡೆ ಬಾಗಲಾ ಹಾಕ್ಯಾರ ನೋಡವ್ವ."

"ಮನ್ಯಾಗ ಹಾಕ್ರಿ ಅತ್ತಿ. ಯಾರು ಬ್ಯಾಡ ಅಂತಾರ?"

"ಯಾರ ಮುಂದ? ಗ್ವಾಡಿ ಮುಂದ? ಒಡಪು ಅಂದ್ರ ಯಾರರ ಕೇಳಬೇಕವ್ವ. ಕೇಳಲಾರದ ಹೆಂಗ ಬರ್ತೈತಿ?"

ಇದು ನನ್ನ ಬಳಿ ಇದ್ದ ಅರ್ಧ ಉತ್ತರ. ಕಟ್ಟೇ ಪದ್ಯ ಹುಟ್ಟಿಸುವುದಾಗಿದ್ದರೆ ಅತ್ತೆಗೆ ಆ ವರ್ಷಗಳಲ್ಲಿ ಕಟ್ಟು ಎರಡು ಪಟ್ಟಾಗಿತ್ತು, ಪದ್ಯವೂ ಎರಡು ಪಟ್ಟು ಬರಬೇಕಿತ್ತು. ಒಂದೂ ಬರಲಿಲ್ಲ. ಅವರ ಪದ ಹುಟ್ಟುತ್ತಿದ್ದುದು ಬಾಯಿಗೆ ಬಿದ್ದ ಬೀಗದಿಂದ ಅಲ್ಲ, ವರ್ಷಕ್ಕೆ ನಾಲ್ಕು ಸಲ ಆ ಬೀಗ ತೆಗೆಯುತ್ತಿದ್ದರಲ್ಲ, ಅದರಿಂದ. ನಾಲ್ಕು ಗಳಿಗೆಯ ಸ್ವಾತಂತ್ರ್ಯದಲ್ಲಿ ಅವರು ಡ್ಯಾಮ್ ನೋಡಿ ಬಂದರು. ಇಡೀ ವರ್ಷ ಕೊಟ್ಟಿದ್ದರೆ ಏನೇನು ಮಾಡುತ್ತಿದ್ದರೋ ಯಾರಿಗೆ ಗೊತ್ತು. ಉಪನ್ಯಾಸಕರಿಗೆ ಇಷ್ಟನ್ನು ಹೇಳಬೇಕೆಂದಿದ್ದೆ. ಆದರೆ ಅವರ ಮಾತಿನ ಇನ್ನೊಂದು ಮಗ್ಗುಲಿಗೆ, ಸ್ವಾತಂತ್ರ್ಯ ಇದ್ದವರಿಗೆ ಒಡಪು ಬರುವುದಿಲ್ಲವಲ್ಲ ಎಂಬುದಕ್ಕೆ, ನನ್ನಲ್ಲಿ ಜವಾಬು ಇರಲಿಲ್ಲ.

ಈ ಬೇಸಿಗೆಯಲ್ಲಿ ಮಗನ ಮದುವೆ ಕೊಪ್ಪಳದಲ್ಲಿ ಆಯಿತು. ಸೊಸೆ ಕುಷ್ಟಗಿಯವಳು, ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ನರ್ಸ್. ಇಬ್ಬರೂ ಮೊದಲಿನಿಂದ ಪರಿಚಯದವರು, ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತಾರೆ. ಅತ್ತೆ ಮದುವೆಗೆ ಬರಲಿಲ್ಲ, ಮನೆಯಲ್ಲೇ ಉಳಿದರು. ಸಂಜೆ ಐದಕ್ಕೆ ನಾವು ಯಲಬುರ್ಗಾದ ಮನೆಗೆ ಮದುಮಕ್ಕಳನ್ನು ಕರೆದುಕೊಂಡು ಬಂದಾಗ ಅವರು ಪಡಸಾಲೆಯ ಹಿಂದಿನ ಕೋಣೆಯಲ್ಲಿ, ಅರ್ಧ ಮುಚ್ಚಿದ ಬಾಗಿಲ ಸಂದಿನಲ್ಲಿ ಕೂತಿದ್ದರು. ಅಲ್ಲಿಂದ ಹೊಸ್ತಿಲು ಕಾಣುತ್ತದೆ. ಹೊಸ್ತಿಲಿನಲ್ಲಿರುವವರಿಗೆ ಅವರು ಕಾಣುವುದಿಲ್ಲ.

ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಒಳಗೆ ನಾದಿನಿ, ನನ್ನನ್ನು ತಡೆದಂತೆಯೇ, ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತರು.

"ಹೆಸರು ಹೇಳು, ಒಳಗ ಬಾ."

ಸೊಸೆ ಆಸ್ಪತ್ರೆಯಲ್ಲಿ ಮುಂದಿನ ರೋಗಿಯನ್ನು ಕರೆಯುವ ಹಾಗೆ ನನ್ನ ಮಗನ ಹೆಸರನ್ನು ಮನೆತನದ ಹೆಸರಿನ ಸಮೇತ ಸ್ಪಷ್ಟವಾಗಿ ಹೇಳಿದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಹಂಗಲ್ಲವ್ವ, ಒಡಪು ಹಾಕು."

"ನನಗ ಬರಂಗಿಲ್ರಿ. ಮೊಬೈಲ್ ನೋಡಿ ಹೇಳ್ಲೇನ್ರಿ?"

ಒಬ್ಬಿಬ್ಬರು ಹೇಳಿಕೊಡಲು ಮುಂದಾದರು. ಅದೇ ಬೆಳ್ಳಿ ತಟ್ಟೆ, ಅದೇ ಮಲ್ಲಿಗೆ. ಸೊಸೆ ಕೇಳಿಕೊಂಡಳು, ತಲೆ ಅಲ್ಲಾಡಿಸಿದಳು.

"ಈ ಮನ್ಯಾಗ ಅಜ್ಜಿ ಭಾಳ ಛಲೋ ಹಾಕ್ತಾರಂತ ಇವರು ಹೇಳ್ಯಾರ. ಅಜ್ಜಿ ಎಲ್ಲಿ ಅದಾರ್ರಿ? ಅವರು ಒಂದು ಹಾಕ್ಲಿ, ಆಮ್ಯಾಲ ನಾ ಹಾಕ್ತೀನಿ."

ನಗು ನಿಂತಿತು. ನಾದಿನಿ ದನಿ ತಗ್ಗಿಸಿ, "ಅವ್ವ ಈಗ ಹಾಕಂಗಿಲ್ಲವ್ವ. ಶುಭ ಹೊತ್ತಿನ್ಯಾಗ..." ಎಂದು ಅರ್ಧಕ್ಕೆ ಬಿಟ್ಟರು. ಸೊಸೆಗೆ ಅದು ತಿಳಿಯದ್ದೇನಲ್ಲ. ಮುಖ ಗಂಭೀರ ಮಾಡಿಕೊಂಡು, ಸೇರನ್ನು ಒದೆಯಲು ಮುಂದಿಟ್ಟಿದ್ದ ಕಾಲನ್ನು ಹಿಂದಕ್ಕೆ ಇಟ್ಟಳು.

"ಹಂಗಾರ ಅಜ್ಜಿ ಹೆಸರು ಹೇಳೂತನಕ ನಾನೂ ಒಳಗ ಬರಂಗಿಲ್ರಿ."

ಹೆಸರು ಹೇಳುವ ತನಕ ಸೊಸೆಯನ್ನು ಹೊರಗೆ ನಿಲ್ಲಿಸುವುದು ನಮ್ಮ ಪದ್ಧತಿ. ಹೆಸರು ಹೇಳುವ ತನಕ ಒಳಗೆ ಬರುವುದಿಲ್ಲ ಎಂದು ಸೊಸೆಯೇ ಹೊರಗೆ ನಿಂತದ್ದನ್ನು ನಾನು ಅಂದೇ ನೋಡಿದ್ದು. ನಾದಿನಿ ಸಹಾಯಕ್ಕೆಂದು ನನ್ನ ಕಡೆ ನೋಡಿದರು. ತೊಟ್ಟಿಲ ದಿನದ ಹಾಗೆ ಇಂದೂ ನಾನೇ ಯಜಮಾನಿ. ರಗಳೆಯ ಹೆದರಿಕೆ ಆಗಿನಷ್ಟೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಇವತ್ತೂ ಬಾಯಿ ಮುಚ್ಚಿಕೊಂಡರೆ ಮುಂದೆ ಯಾವ ತರಗತಿಯಲ್ಲೂ ಅದನ್ನು ತೆರೆಯುವ ಯೋಗ್ಯತೆ ನನಗಿಲ್ಲ ಎನಿಸಿತು. ಕೋಣೆಯ ಬಾಗಿಲನ್ನು ಪೂರ್ತಿ ತೆರೆದೆ.

"ಅತ್ತಿ, ಈ ಮನಿ ಸೊಸಿಯಾಗಿ ನಾ ಕೇಳಾಕತ್ತೀನಿ. ಹೆಸರು ಹೇಳ್ರಿ."

"ಹುಚ್ಚು ಹಿಡದೈತೇನು ನಿನಗ? ಮದಿವಿ ಮನ್ಯಾಗ ಯಾರಿಗರ ಏನರ ಆದ್ರ?"

"ಏನಾದ್ರೂ ನನ್ನ ತಲಿ ಮ್ಯಾಲ ಇರ್ಲಿ. ಹೇಳ್ರಿ."

ಹೊರಗಿನಿಂದ ಸೊಸೆ ಕೂಗಿದಳು, "ಅಜ್ಜಿ, ಲಗೂನ ಹೇಳ್ರಿ. ಕಾಲು ನೋಯಾಕತ್ತಾವು."

ಅತ್ತೆ ಗೋಡೆ ಹಿಡಿದು ಎದ್ದರು. ಪಡಸಾಲೆಯ ನಡುವಿನ ತನಕ ಬಂದು ನಿಂತರು. ಬೋಳು ಹಣೆ, ಬರಿದು ಕೈ. ಆ ತೊಟ್ಟಿಲ ದಿನದ ಬಳಿಕ ಶುಭಕಾರ್ಯವೊಂದರಲ್ಲಿ ಅಷ್ಟು ಮುಂದೆ ಅವರು ಬಂದದ್ದು ಅಂದೇ. ಅವರು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ನಿಂತದ್ದನ್ನು ನೋಡಿ ಬರುವುದಿಲ್ಲವೇನೋ, ಬತ್ತಿಹೋಗಿದೆಯೇನೋ ಎಂದು ನನಗೆ ಹೆದರಿಕೆಯಾಯಿತು. ಆಮೇಲೆ ಹಳೆಯ ದನಿ ಬಂತು:

ಹೊರಗ ನಿಂತ ಸೊಸಿಗೆ ಕಾಲು ನೋವು, ಒಳಗ ಕುಂತ ನನಗ ಬಾಯಿ ನೋವು,
ಒಂಬತ್ತು ವರ್ಷ ನುಂಗಿದ ಮಾತು, ಗಂಟಲ ತುಂಬ ಆಗಿತ್ತು ಬಾವು,
ಎಲ್ಲಾರೂ ಮಣ್ಣಾಗ ಇಟ್ಟು ಬಂದ್ರು, ನನ್ನ ಬಾಯಾಗ ಇನ್ನೂ ಅದಾರ...

ಮತ್ತು ಮಾವನ ಹೆಸರು. ಹೊಲದಲ್ಲಿ ದೂರ ಇದ್ದವರನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದರ ಮುಂದೆ ಮೂರು ಸಾಲು ಕಟ್ಟಿದವರಿಗೆ ಅದು ಸೇರಿದ್ದು.

ಆಕಾಶವೇನೂ ಕಳಚಿ ಬೀಳಲಿಲ್ಲ. ಅತ್ತೆಯೇ ಸೆರಗಿನಿಂದ ಬಾಯಿ ಒರೆಸಿಕೊಂಡು ಸೊಸೆಗೆ ಹೇಳಿದರು.

"ನಂದಾತು. ಈಗ ನೀ ಬಾಯಿ ತಗಿ. ಇದ್ದದ್ದು ಹೇಳು."

ಸೊಸೆ ಒಂದು ಗಳಿಗೆ ಯೋಚಿಸಿದಳು. ಪಕ್ಕದಲ್ಲಿದ್ದ ನನ್ನ ಮಗನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ದಿನಾ ನೂರು ಮಂದಿಗೆ ಸೂಜಿ ಮಾಡಾಕಿ ನಾನು, ಸೂಜಿ ಕಂಡ್ರ ಕಣ್ಣು ಮುಚ್ಚವರು..." ಎಂದು ಅವನ ಹೆಸರು ಹೇಳಿದಳು. ಮಗನ ಕಿವಿ ಕೆಂಪಾಯಿತು. ಅವನ ಅಪ್ಪ ನನ್ನ ಕುಬಸದ ದಿನ ಹಿತ್ತಲಿಗೆ ಓಡಿದ್ದರು, ಇವನಿಗೆ ಓಡಲು ಜಾಗವೂ ಇರಲಿಲ್ಲ.

"ಪ್ರಾಸ ಇಲ್ಲ" ಎಂದರು ಅತ್ತೆ. "ಆದ್ರ ಖರೆ ಐತಿ. ಒಳಗ ಬಾ."

ಉಪನ್ಯಾಸಕರಿಗೆ ನನ್ನ ಉಳಿದರ್ಧ ಉತ್ತರ ಇದೇ. ಹೆಸರನ್ನು ದಿನಕ್ಕೆ ಹತ್ತು ಸಲ ಕರೆಯುವ ಹುಡುಗಿಯೂ ಒಡಪು ಕಟ್ಟಬಲ್ಲಳು. ಅವಳ ಬಾಯಿಗೆ ಬೀಗ ಹಾಕಬೇಕಿಲ್ಲ. ಕಟ್ಟುವುದನ್ನು ಎದುರಿಗೆ ನಿಂತು ತೋರಿಸುವವರು ಬೇಕು, ಅವರ ಬಾಯಿಗೂ ಬೀಗ ಇರಬಾರದು.

ಸೇರು ಉರುಳಿತು, ಅಕ್ಕಿ ಪಡಸಾಲೆ ತುಂಬ ಹರಡಿತು, ಮದುಮಕ್ಕಳು ಒಳಗೆ ಬಂದರು. ನಾದಿನಿ ಮಾತ್ರ ಚೌಕಟ್ಟಿನ ಹತ್ತಿರವೇ ನಿಂತಿದ್ದರು. ಕೈಗಳು ಎಂದೋ ಕೆಳಗಿಳಿದಿದ್ದವು. ಮೊಮ್ಮಕ್ಕಳನ್ನು ಕಂಡ ಆ ಹೆಂಗಸು ಚಿಕ್ಕ ಮಗುವಿನ ಹಾಗೆ ಮೂಗು ಒರೆಸಿಕೊಳ್ಳುತ್ತಾ ತಾಯಿಯ ಹತ್ತಿರ ಬಂದರು.

"ಯವ್ವ, ಅಪ್ಪನ ಹೆಸರು ಇನ್ನೊಂದ್ಸಲ ಹೇಳಬೇ."

ಅತ್ತೆ ಮಗಳ ತಲೆಯ ಮೇಲೆ ಕೈ ಇಟ್ಟರು.

"ಹಾಕಿದ್ದನ್ನ ಮತ್ತ ಹಾಕಂಗಿಲ್ಲ ನಾ. ತಡಿ, ಹೊಸಾದು ಕಟ್ಟತೀನಿ."